ರಜೆಯ ದಿನಗಳ ದಯಾದತ್ತಿ

ಡಿಸೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮಕ್ಕಳಿಗೆ ಕ್ರಿಸ್‌ಮಸ್ ರಜೆ, ಎಲ್ಲಿಗೆ ಹೋಗುವುದು? ನಾವು ಓದುತ್ತಿದ್ದ ಕಾಲದಲ್ಲಿ ದಸರೆಯ ರಜೆ, ಬೇಸಿಗೆಯ ರಜೆ ಇವೆರಡೇ ದೊಡ್ಡ ರಜೆಗಳು. ವರ್ಷದ ಕೊನೆಯೆಂದರೆ ಚಳ್ಳಕೆರೆಯ ಮಂಡಿಗಳಿಗೆ ಶೇಂಗಾ ಮೂಟೆಗಳು ಬಂದು ಬೀಳುವ ಸಮಯ. ವರ್ತಕರ ಮಕ್ಕಳಿಗೆ ಆಗ ಬಿಡುವೆಂಬುದೇ ಇರಲಿಲ್ಲ. ಈಗ ಮಕ್ಕಳು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಗಳಲ್ಲಿ ಓದುತ್ತಾರೆ. ಅವರಿಗೆ ಒಂದು ವಾರ, ಹತ್ತು ದಿನಗಳ ಬಿಡುವು ದೊರೆಯುತ್ತದೆ. ಕೆಲವರು ಸಮುದ್ರತೀರಕ್ಕೋ ಗಿರಿಧಾಮಕ್ಕೋ ಹೋಗುತ್ತಾರೆ. ಕೆಲವರು ಶ್ರವಣಬೆಳಗೊಳ, ಮೂಡುಬಿದಿರೆ, ಸಮ್ಮೇದ ಶಿಖರಜಿಗಳ ಯಾತ್ರೆ ಕೈಗೊಳ್ಳುತ್ತಾರೆ. ಇತ್ತೀಚೆಗೆ ಮೂರನೆಯ ಬಗೆಯೊಂದು ಕಾಣುತ್ತಿದೆ. ತಮ್ಮದಲ್ಲದ ಊರಿಗೆ ಹೋಗಿ, ಅಲ್ಲಿಯ ಜನರ ನಡುವೆ ಇದ್ದು, ಒಂದಿಷ್ಟು ಕೆಲಸ ಮಾಡಿ ಬರುತ್ತೇವೆ ಎನ್ನುವ ಯುವಕ ಯುವತಿಯರು ನಮ್ಮ ಮನೆಗಳಲ್ಲೂ ಇದ್ದಾರೆ.

ಇದನ್ನು ಕೇಳಿ ಸಂತೋಷಪಡುವ ಹಿರಿಯರಿದ್ದಾರೆ, ಸಂದೇಹಪಡುವ ಹಿರಿಯರೂ ಇದ್ದಾರೆ. ಮನೆಯಲ್ಲಿ ಮಾಡುವ ಕೆಲಸ ಬಿಟ್ಟು ಪರವೂರಿನಲ್ಲಿ ಏನು ಸೇವೆ ಎಂಬುದು ಒಂದು ಆಕ್ಷೇಪ. ಎಂಟು ದಿನಗಳಲ್ಲಿ ಯಾರಿಗೆ ಏನು ಒಳ್ಳೆಯದಾದೀತು ಎಂಬುದು ಇನ್ನೊಂದು. ಎರಡೂ ತಳ್ಳಿಹಾಕುವಂಥವಲ್ಲ. ಆದುದರಿಂದ ಈ ವಿಷಯವನ್ನು ಶಾಸ್ತ್ರದ ಬೆಳಕಿನಲ್ಲಿಯೂ, ವರ್ತಕನಾದ ನನಗೆ ರೂಢಿಯಿರುವ ಲೆಕ್ಕದ ಪುಸ್ತಕದ ರೀತಿಯಲ್ಲಿಯೂ ಪರಿಶೀಲಿಸೋಣವೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಡಿಸೆಂಬರ್ 25 ಅನ್ಯಧರ್ಮೀಯರ ಪವಿತ್ರ ದಿನ. ಅವರ ಹಬ್ಬದಿಂದ ನಮ್ಮ ಮಕ್ಕಳಿಗೆ ದೊರೆತ ಬಿಡುವನ್ನು ಜೀವದಯೆಗೆ ಬಳಸುವುದು ಅನೇಕಾಂತವನ್ನು ನಂಬಿದ ನಮಗೆ ಒಪ್ಪುವ ಮಾತೇ ಆಗಿದೆ.

ಮೊದಲು ಹೆಸರನ್ನು ಸರಿಪಡಿಸಿಕೊಳ್ಳೋಣ. ಇಂತಹ ಕೆಲಸಗಳನ್ನೆಲ್ಲ ನಮ್ಮವರು ಸಲೀಸಾಗಿ ‘ವೈಯಾವೃತ್ಯ’ ಎಂದು ಕರೆಯುವುದುಂಟು. ತತ್ತ್ವಾರ್ಥಸೂತ್ರವು ವೈಯಾವೃತ್ಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸಿ, ಅದಕ್ಕೆ ಪಾತ್ರರಾದವರನ್ನು ಹತ್ತು ಬಗೆಯಾಗಿ ಹೇಳುತ್ತದೆ. ಆಚಾರ್ಯರು, ಉಪಾಧ್ಯಾಯರು, ತಪಸ್ವಿಗಳು ಮೊದಲಾದವರೊಡನೆ ‘ಗ್ಲಾನ’ ಎಂದರೆ ರೋಗಪೀಡಿತರೂ ಆ ಪಟ್ಟಿಯಲ್ಲಿದ್ದಾರೆ. ಆದರೆ ಅಲ್ಲಿಯ ಪ್ರಸಂಗ ಮುಖ್ಯವಾಗಿ ಮುನಿಸಂಘದ್ದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದಾಗಿ ಇರಿಸಿದ್ದಾರೆ. ಅಲ್ಲಿಯೂ ಸೇವೆಯನ್ನು ಸ್ವೀಕರಿಸುವವರು ತಪೋಧನರೇ. ಹಳ್ಳಿಯ ಮುದುಕಿಯ ಕಣ್ಣಿಗೆ ಔಷಧ ಹಾಕುವುದಕ್ಕೆ ಸರಿಯಾದ ಹೆಸರು ಜಿನಸೇನಾಚಾರ್ಯರ ಮಹಾಪುರಾಣದಲ್ಲಿ ದೊರೆಯುತ್ತದೆ. ಅವರು ದಾನವನ್ನು ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಪಾತ್ರದತ್ತಿಯಲ್ಲಿ ಪಡೆಯುವವರ ಗುಣವನ್ನು ನೋಡಬೇಕು. ದಯಾದತ್ತಿಯಲ್ಲಿ ನೋಡಬೇಕಾದುದು ಅವರ ಕಷ್ಟವನ್ನು ಮಾತ್ರ.

ಈ ವ್ಯತ್ಯಾಸವನ್ನು ಹೇಳಿದ್ದಕ್ಕೆ ಕಾರಣವಿದೆ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ರೇಷ್ಮೆಯ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವುದರಿಂದ ಅದರಲ್ಲಿ ಅಸಂಖ್ಯ ಜೀವಿಗಳ ಹಿಂಸೆಯಿದೆ. ನಮ್ಮಲ್ಲಿ ಅನೇಕರು ರೇಷ್ಮೆಯನ್ನು ತ್ಯಜಿಸಿದ್ದಾರೆ. ‘ನಾವು ಉಡದ ಬಟ್ಟೆಯನ್ನು ನೇಯುವವರ ಊರಿನಲ್ಲಿ ನಮಗೇನು ಕೆಲಸ?’ ಎಂದು ಒಬ್ಬ ಧರ್ಮಬಂಧು ನನ್ನನ್ನು ಕೇಳಿದರು. ನೇಕಾರನು ಜೀವನವಿಡೀ ಕೂದಲೆಳೆಯಂತಹ ನೂಲನ್ನು ದಿಟ್ಟಿಸಿ ಬದುಕುವವನು. ಅವನ ಕಣ್ಣಿಗೆ ಪೊರೆ ಬಂದ ದಿನ ಅವನ ಅನ್ನ ನಿಲ್ಲುತ್ತದೆ. ರೇಷ್ಮೆ ನಮಗೆ ವರ್ಜ್ಯವಾಗಿರಲಿ; ನೇಕಾರನ ಕಣ್ಣು ವರ್ಜ್ಯವಲ್ಲ. ವೃತ್ತಿಯನ್ನು ವಿಚಾರಿಸಿ ಕರುಣೆ ತೋರುವುದಾದರೆ ಅದು ದಯಾದತ್ತಿ ಎನಿಸದು.

ಮನೆ ಬಿಟ್ಟು ದೂರ ಹೋಗುವ ವಿಷಯದಲ್ಲಿ ಶಾಸ್ತ್ರ ಏನು ಹೇಳುತ್ತದೆ? ನಮ್ಮ ಶ್ರಾವಕಾಚಾರದಲ್ಲಿ ದಿಗ್ವ್ರತವೆಂಬುದೊಂದಿದೆ. ಹತ್ತು ದಿಕ್ಕುಗಳಲ್ಲಿ ಇಷ್ಟು ದೂರದಾಚೆಗೆ ಹೋಗೆನೆಂದು ಗೃಹಸ್ಥನು ಮಿತಿ ಹಾಕಿಕೊಳ್ಳುವುದು ಅದರ ಸ್ವರೂಪ. ಮಿತಿಯಾಚೆ ನಮ್ಮ ವ್ಯಾಪಾರದಿಂದಲೂ ಭೋಗದಿಂದಲೂ ಆಗಬಹುದಾದ ಹಿಂಸೆಯನ್ನು ತಡೆಯುವುದು ಅದರ ಉದ್ದೇಶ. ಅನರ್ಥದಂಡವ್ರತವು ನಿಷ್ಪ್ರಯೋಜನವಾದ ಅಲೆದಾಟವನ್ನೂ ದೋಷವೆಂದು ಎಣಿಸುತ್ತದೆ. ಆದ್ದರಿಂದ ಸೇವೆಯ ಹೆಸರಿನಲ್ಲಿ ಊರು ನೋಡಲು ಹೋಗುವುದು ನಮ್ಮ ಧರ್ಮಕ್ಕೆ ಸಮ್ಮತವಲ್ಲ. ವ್ರತ ಸ್ವೀಕರಿಸಿದವರು ತಮ್ಮ ಮಿತಿಯೊಳಗೇ ಸೇವೆಯನ್ನು ಹುಡುಕಲಿ. ಕಷ್ಟದಲ್ಲಿರುವವರು ಯಾವ ದಿಕ್ಕಿನಲ್ಲಿಯೂ ವಿರಳರಾಗಿಲ್ಲ.

ಹಾಗಾದರೆ ಮನೆಯಿಂದ ದೂರ ಹೋಗುವುದರಿಂದ ವಿಶೇಷವೇನಾದರೂ ಲಭಿಸುತ್ತದೆಯೇ? ಲಭಿಸುತ್ತದೆಂದು ನನ್ನ ಅನುಭವ. 1981, 2006, 2018ರ ಮಹಾಮಸ್ತಕಾಭಿಷೇಕಗಳು ಫೆಬ್ರವರಿಯಲ್ಲಿ ನಡೆದವು. 1993ರದು ಮಾತ್ರ ಡಿಸೆಂಬರ್ 19ರ ಭಾನುವಾರ, ವರ್ಷಾಂತ್ಯದ ರಜೆಯ ಹೊಸ್ತಿಲಲ್ಲಿ ಬಂದಿತು. ನನಗಾಗ ಮೂವತ್ತೆರಡು ವರ್ಷ. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಶ್ರವಣಬೆಳಗೊಳದಲ್ಲಿ ಸ್ವಯಂಸೇವಕನಾಗಿ ಹತ್ತು ದಿನ ಇದ್ದೆ. ವಿಂಧ್ಯಗಿರಿಯ ತಪ್ಪಲಿನಲ್ಲಿ ಯಾತ್ರಿಕರ ಪಾದರಕ್ಷೆಗಳನ್ನು ಕಾಯುವುದು ನನಗೆ ಹಂಚಿಕೆಯಾದ ಕೆಲಸ. ಚಳ್ಳಕೆರೆಯಲ್ಲಿ ರೈತರೂ ಹಮಾಲರೂ ನನ್ನನ್ನು ‘ಸಾಹುಕಾರ್ರೇ’ ಎಂದು ಕರೆಯುತ್ತಿದ್ದರು. ಅಲ್ಲಿ ಬೆಳಗಾವಿ ಕಡೆಯ ಅಜ್ಜಿಯೊಬ್ಬರು ‘ತಮ್ಮಾ, ನನ್ನ ಚಪ್ಪಲಿ ಎಲ್ಲಿ ಅದಾವ ನೋಡೋ’ ಎಂದರು. ನಾನು ಆ ರಾಶಿಯಲ್ಲಿ ಕುಳಿತು ಹುಡುಕಿ, ಜೋಡಿಸಿ, ಅವರ ಕಾಲಿನ ಬಳಿ ಇಟ್ಟೆ. ಗಾದಿಯ ಮೇಲೆ ಕುಳಿತು ಮಾನಕಷಾಯದ ವಿಷಯವಾಗಿ ಎಷ್ಟೋ ಓದಿದ್ದೆ. ಅದು ಸಡಿಲಗೊಳ್ಳುವುದು ಹೇಗಿರುತ್ತದೆಂಬುದು ಆ ದಿನ ತಿಳಿಯಿತು. ನಮ್ಮ ಊರಿನಲ್ಲಿ ನಾವು ಮಾಡುವ ಸೇವೆಗೆ ನಮ್ಮ ಹೆಸರು, ಮನೆತನ, ಅಂಗಡಿಯ ನಾಮಫಲಕ ಎಲ್ಲವೂ ಜೊತೆಗೆ ಬರುತ್ತವೆ. ಪರವೂರಿನಲ್ಲಿ ಕೈಗಳು ಮಾತ್ರ ಬರುತ್ತವೆ. ಇದು ದೂರದ ಸೇವೆಯ ಮೊದಲ ಲಾಭ. ಅದು ಸಲ್ಲುವುದು ಸೇವೆ ಮಾಡುವವನಿಗೆ.

ಸೇವೆ ಪಡೆಯುವವನಿಗೂ ಲಾಭವಾಗಬೇಕಾದರೆ ಒಳ್ಳೆಯ ಮನಸ್ಸೊಂದೇ ಸಾಲದು. 2004ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮರುದಿನ, ಸುನಾಮಿಯ ಅಲೆಗಳು ತಮಿಳುನಾಡಿನ ಕರಾವಳಿಯನ್ನು ಅಪ್ಪಳಿಸಿದವು. ರಜೆಯಲ್ಲಿದ್ದ ಎಷ್ಟೋ ಯುವಕರು ದೇಶದ ಮೂಲೆಮೂಲೆಗಳಿಂದ ನಾಗಪಟ್ಟಣದ ಕಡೆಗೆ ಧಾವಿಸಿದರು. ಅವರ ದಯೆ ನಿಜವಾದುದು. ಆದರೆ ಲಾರಿಗಟ್ಟಲೆ ಬಂದ ಹಳೆಯ ಬಟ್ಟೆಗಳು ಅಲ್ಲಿಯ ರಸ್ತೆಗಳ ಬದಿಯಲ್ಲಿ ರಾಶಿಯಾಗಿ ಬಿದ್ದವು. ಮನೆ ಕಳೆದುಕೊಂಡರೂ ಮಾನ ಕಳೆದುಕೊಳ್ಳದ ಮೀನುಗಾರ ಕುಟುಂಬಗಳು ಅನ್ಯರು ಉಟ್ಟು ಬಿಟ್ಟುದನ್ನು ಮುಟ್ಟಲಿಲ್ಲ. ಏನು ಬೇಕೆಂದು ಕೇಳದೆ ಕೊಡುವ ದಾನದಲ್ಲಿ ಕೊಡುವವನ ಮನೆ ಖಾಲಿಯಾಗುತ್ತದೆ, ಪಡೆಯುವವನ ಮನೆ ತುಂಬುವುದಿಲ್ಲ.

ಈಗ ನಮ್ಮ ಸೀಮೆಯ ಮಾತಿಗೆ ಬರುತ್ತೇನೆ. ಚಳ್ಳಕೆರೆ, ಮೊಳಕಾಲ್ಮೂರುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಇಂತಹ ವರ್ಷಗಳಲ್ಲಿ ದುಡಿಯುವ ವಯಸ್ಸಿನವರು ಗುಳೆ ಹೋಗುತ್ತಾರೆ. ಹಳ್ಳಿಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಆ ವರ್ಷದ ಡಿಸೆಂಬರ್ 24ರಿಂದ ಎಂಟು ದಿನ, ಬೆಂಗಳೂರು ಮತ್ತು ದಾವಣಗೆರೆಗಳಲ್ಲಿ ಓದುವ ನಮ್ಮ ಸಮಾಜದ ಹನ್ನೆರಡು ಮಂದಿ ವಿದ್ಯಾರ್ಥಿಗಳು ಮೊಳಕಾಲ್ಮೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಇದ್ದು, ಕಣ್ಣಿನ ಪೊರೆಯ ಚಿಕಿತ್ಸೆಗೆ ಹಿರಿಯರನ್ನು ಕರೆದೊಯ್ಯುವ ಕೆಲಸ ಮಾಡಿದರು. ಅವರಲ್ಲಿ ನನ್ನ ಮೊಮ್ಮಗಳೂ ಒಬ್ಬಳು.

ನೇತ್ರ ಶಿಬಿರವೆಂದರೆ ನನ್ನ ವಯಸ್ಸಿನವರಿಗೆ ಡಾ. ಎಂ. ಸಿ. ಮೋದಿಯವರ ನೆನಪಾಗುತ್ತದೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ 2005ರಲ್ಲಿ ಅಗಲಿದ ಆ ಮಹನೀಯರು ಊರೂರಿಗೆ ಹೋಗಿ, ಶಾಲೆ, ಛತ್ರಗಳಲ್ಲಿಯೇ ಸಾಮೂಹಿಕ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆ ಕಾಲದಲ್ಲಿ ರೋಗಿಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಲವು ದಿನ ಸಾಲಾಗಿ ಮಲಗಿರಬೇಕಾಗಿತ್ತು. ನಂತರ ದಪ್ಪ ಗಾಜಿನ ಕನ್ನಡಕ. ಸ್ವಯಂಸೇವಕರು ಹಗಲಿರುಳು ಬೇಕಾಗುತ್ತಿದ್ದರು. ಇಂದು ಸೋಂಕಿನ ಭಯದಿಂದ ಶಸ್ತ್ರಚಿಕಿತ್ಸೆಯನ್ನು ಆಸ್ಪತ್ರೆಯಲ್ಲಿಯೇ ಮಾಡುತ್ತಾರೆ. ಕಣ್ಣಿನೊಳಗೆ ಮಸೂರವನ್ನು ಅಳವಡಿಸುತ್ತಾರೆ. ರೋಗಿ ಅಂದೇ ಅಥವಾ ಮರುದಿನವೇ ಮನೆ ಸೇರುತ್ತಾನೆ. ಇದನ್ನು ಕಂಡು ಸ್ವಯಂಸೇವಕರಿಗೆ ಇನ್ನು ಕೆಲಸವಿಲ್ಲವೆಂದು ತಿಳಿಯುವುದು ಸಹಜ. ವಾಸ್ತವದಲ್ಲಿ ಕೆಲಸ ಆಸ್ಪತ್ರೆಯಿಂದ ಮನೆಗೆ ವರ್ಗವಾಗಿದೆ. ಚಿಕಿತ್ಸೆ ಉಚಿತವಾದರೂ ಹಿರಿಯರು ಬರುವುದಿಲ್ಲ. ಭಯ ಒಂದು ಕಾರಣ, ಜೊತೆಗೆ ಬರುವವರಿಲ್ಲದಿರುವುದು ಇನ್ನೊಂದು. ಬಂದು ಮರಳಿದ ಮೇಲೆ ದಿನಕ್ಕೆ ಹಲವು ಸಲ ಕಣ್ಣಿಗೆ ಹನಿ ಹಾಕಬೇಕು. ಕಣ್ಣಿಗೆ ನೀರು, ಹೊಗೆ ತಾಗಬಾರದು, ಭಾರ ಎತ್ತಬಾರದು. ಹನಿಯನ್ನು ವೈದ್ಯರು ಹೇಳಿದಂತೆ ಕ್ರಮಕ್ರಮವಾಗಿ ಕಡಿಮೆ ಮಾಡುತ್ತ ಸುಮಾರು ಒಂದು ತಿಂಗಳಿಂದ ಆರು ವಾರಗಳವರೆಗೆ ಮುಂದುವರಿಸಬೇಕು. ಸೌದೆ ಒಲೆಯ ಮುಂದೆ ಕುಳಿತು ತಾನೇ ಅಡುಗೆ ಮಾಡಿಕೊಳ್ಳುವ ಒಂಟಿ ಮುದುಕಿಗೆ ಇದನ್ನೆಲ್ಲ ಯಾರು ಮಾಡುವರು?

ಇಲ್ಲಿಯೇ ರಜೆಯ ಸೇವೆಯ ಮುಖ್ಯ ತೊಡಕು ಇರುವುದು. ರಜೆ ಮುಗಿಯುವುದು ಜನವರಿಯ ಮೊದಲ ದಿನಗಳಲ್ಲಿ. ಹನಿ ಮುಗಿಯುವುದು ಫೆಬ್ರವರಿಯಲ್ಲಿ. ಹಿಂದೊಮ್ಮೆ ಹೊರಗಿನಿಂದ ಬಂದ ತಂಡವೊಂದು ಅದೇ ಹಳ್ಳಿಯಿಂದ ಹಿರಿಯರನ್ನು ಕರೆದೊಯ್ದು ಚಿಕಿತ್ಸೆ ಕೊಡಿಸಿ, ಛಾಯಾಚಿತ್ರ ತೆಗೆಸಿಕೊಂಡು, ಔಷಧದ ಸೀಸೆಗಳನ್ನು ಕೈಗಿತ್ತು ಹೊರಟುಹೋಗಿತ್ತು. ವೃದ್ಧರೊಬ್ಬರ ಮನೆಯಲ್ಲಿ ಆ ಸೀಸೆಯ ಮುಚ್ಚಳವನ್ನೇ ತೆರೆದಿರಲಿಲ್ಲ. ಕಣ್ಣು ಕೆಂಪಾಗಿ, ನೋವು ಬಂದು, ಕೊನೆಗೆ ಆ ಕಣ್ಣಿನ ದೃಷ್ಟಿ ಹೋಯಿತು. ಅಂದಿನಿಂದ ಆ ಕೇರಿಯಲ್ಲಿ ‘ಆಪರೇಷನ್’ ಎಂಬ ಮಾತೆತ್ತಿದರೆ ಬಾಗಿಲು ಮುಚ್ಚುತ್ತಿದ್ದರು. ಅರ್ಧಕ್ಕೆ ಬಿಟ್ಟ ದಯೆ ಒಬ್ಬನ ಕಣ್ಣನ್ನಷ್ಟೇ ಅಲ್ಲದೆ ಒಂದು ಕೇರಿಯ ನಂಬಿಕೆಯನ್ನೂ ಕಳೆಯಿತು.

ನಮ್ಮ ವಿದ್ಯಾರ್ಥಿಗಳು ಈ ಸಂಗತಿಯನ್ನು ಮೊದಲೇ ತಿಳಿದುಕೊಂಡಿದ್ದರು. ಆದ್ದರಿಂದ ಮೊದಲ ಎರಡು ದಿನ ಅವರು ಯಾರನ್ನೂ ಆಸ್ಪತ್ರೆಗೆ ಕರೆಯಲಿಲ್ಲ. ಮನೆಮನೆಗೆ ಹೋಗಿ ಕುಳಿತು ಮಾತು ಕೇಳಿದರು. ಒಪ್ಪಿದ ಪ್ರತಿಯೊಬ್ಬ ಹಿರಿಯರಿಗೂ ಅದೇ ಕೇರಿಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ, ಇಲ್ಲವೇ ನೆರೆಮನೆಯ ಗೃಹಿಣಿಯನ್ನೋ ಜೊತೆಗಾರರನ್ನಾಗಿ ಗೊತ್ತುಮಾಡಿದರು. ಕೈ ತೊಳೆದು ಹನಿ ಹಾಕುವ ಕ್ರಮವನ್ನು ಆಸ್ಪತ್ರೆಯ ದಾದಿಯಿಂದ ತಾವು ಕಲಿತು, ಅವರಿಗೂ ಕಲಿಸಿದರು. ಒಂದು ಹಾಳೆಯಲ್ಲಿ ಸೂರ್ಯೋದಯ, ಮಧ್ಯಾಹ್ನ, ಸಂಜೆಯ ಚಿತ್ರ ಬರೆದು, ಹನಿ ಹಾಕಿದೊಡನೆ ಗೆರೆ ಎಳೆಯುವ ವ್ಯವಸ್ಥೆ ಮಾಡಿದರು. ಎಂಟು ದಿನಗಳಲ್ಲಿ ಹತ್ತೊಂಬತ್ತು ಮಂದಿಗೆ ಚಿಕಿತ್ಸೆಯಾಯಿತು. ಫೆಬ್ರವರಿಯಲ್ಲಿ ನಾನೇ ಹೋಗಿ ಆ ಹಾಳೆಗಳನ್ನು ನೋಡಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂವರು ಅಜ್ಜಿಯರ ಹೊಣೆ ಹೊತ್ತು ಒಂದು ಗೆರೆಯನ್ನೂ ತಪ್ಪಿಸಿರಲಿಲ್ಲ. ಎಂಟು ದಿನಗಳ ಸೇವೆಯನ್ನು ನಮ್ಮ ಮಕ್ಕಳು ಮಾಡಿದರು. ನಲವತ್ತು ದಿನಗಳ ಸೇವೆಯನ್ನು ಅವಳು ಮಾಡಿದಳು. ಆ ಅಜ್ಜಿಯರಲ್ಲಿ ಒಬ್ಬರು ಅಕ್ಕಿಯಲ್ಲಿನ ಕಲ್ಲನ್ನು ತಾವೇ ಆರಿಸುತ್ತಿರುವುದನ್ನು ಕಂಡು ಬಂದೆ.

ಈ ಕಾರ್ಯದ ಮುನ್ನ ನಮ್ಮ ಟ್ರಸ್ಟಿನ ಸಭೆಯಲ್ಲಿ ಕೋಶಾಧ್ಯಕ್ಷರು ನ್ಯಾಯವಾದ ಪ್ರಶ್ನೆಯೊಂದನ್ನು ಎತ್ತಿದರು: ‘ಇಷ್ಟು ಮಕ್ಕಳ ಪ್ರಯಾಣ, ಊಟ, ವಸತಿಗೆ ಆಗುವ ಖರ್ಚನ್ನು ನೇರವಾಗಿ ಆಸ್ಪತ್ರೆಗೇ ಕೊಟ್ಟರೆ ಇನ್ನೂ ನಾಲ್ಕು ಜನಕ್ಕೆ ಕಣ್ಣು ಬರುತ್ತದಲ್ಲವೇ?’ ವಾಣಿಜ್ಯ ಪದವೀಧರನಾದ ನಾನು ಆ ಲೆಕ್ಕವನ್ನು ಅಲ್ಲಗಳೆಯಲಾರೆ. ಅದಕ್ಕೆ ಸಭೆ ಕಂಡುಕೊಂಡ ಪರಿಹಾರ ಸರಳವಾದುದು. ಮಕ್ಕಳ ಪ್ರಯಾಣ ಮತ್ತು ಊಟದ ವೆಚ್ಚವನ್ನು ಅವರವರ ಮನೆಯವರೇ ಕೊಡುವುದು; ಟ್ರಸ್ಟಿನ ಹಣದ ಪ್ರತಿಯೊಂದು ರೂಪಾಯಿಯೂ ಔಷಧಕ್ಕೆ ಮತ್ತು ರೋಗಿಗಳ ವಾಹನಕ್ಕೆ ಸಲ್ಲುವುದು. ಪ್ರವಾಸಕ್ಕೆಂದು ತೆಗೆದಿಟ್ಟ ಹಣವನ್ನೇ ಹೆತ್ತವರು ಇದಕ್ಕೆ ತಿರುಗಿಸಿದ್ದರಿಂದ ದಾನದ ಖಾತೆಗೆ ನಷ್ಟವಾಗಲಿಲ್ಲ. ಹಣವು ಮಸೂರವನ್ನು ಕೊಳ್ಳಬಲ್ಲದು. ಮುಚ್ಚಿದ ಬಾಗಿಲಿನ ಮುಂದೆ ಎರಡು ದಿನ ಕುಳಿತು ‘ಬಾ ಅಜ್ಜಿ, ನಾನು ಜೊತೆಗಿರುತ್ತೇನೆ’ ಎನ್ನುವವರನ್ನು ಯಾವ ಖಾತೆಯಿಂದ ಕೊಳ್ಳುವುದು? ನಮ್ಮ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಬರದ ನಾಡಿನಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಜನ ನೆನೆಯುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಇಲ್ಲಿ ಮನೆಮಾತಾಗಿದೆ. ಮಾಡುವುದೂ ನೀಡುವುದೂ ಕೂಡಿದಾಗಲೇ ಲೆಕ್ಕ ಸರಿಹೊಂದುತ್ತದೆಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ.

ಮೊದಲ ಆಕ್ಷೇಪ, ಎಂದರೆ ಮನೆಯವರ ಸೇವೆಯ ಮಾತು, ಉಳಿದಿದೆ. ಅದು ನಮ್ಮ ಮನೆಯಲ್ಲಿಯೇ ಎದ್ದಿತು. ನನ್ನ ಧರ್ಮಪತ್ನಿಗೆ ಮಂಡಿನೋವು. ಮೊಮ್ಮಗಳು ರಜೆಯಲ್ಲಿ ಬಂದು ಜೊತೆಗಿರುವಳೆಂದು ಅವರು ದಿನ ಎಣಿಸುತ್ತಿದ್ದರು. ವಿಷಯ ತಿಳಿದಾಗ, ‘ಯಾರದೋ ಅಜ್ಜಿಯ ಕಣ್ಣಿಗೆ ಹನಿ ಹಾಕುವವಳಿಗೆ ನನ್ನ ಮಂಡಿಗೆ ಎಣ್ಣೆ ಹಚ್ಚಲು ಪುರಸೊತ್ತಿಲ್ಲವೇನು?’ ಎಂದರು. ಮಾತು ಕಟುವಾದರೂ ಅದರಲ್ಲಿ ಧರ್ಮವಿತ್ತು. ಹುಡುಗಿ ವಾದ ಮಾಡಲಿಲ್ಲ. ಒಂದು ದಿನ ಮೊದಲೇ ಬಂದು ಅಜ್ಜಿಯ ಬಳಿ ಕುಳಿತು, ‘ಅಜ್ಜಿ, ನಿಮ್ಮ ಹತ್ತಿರ ಅಪ್ಪ, ಚಿಕ್ಕಪ್ಪ, ತಾತ ಇದ್ದಾರೆ. ಅಲ್ಲಿ ಯಾರೂ ಇಲ್ಲವಂತೆ. ನೀವು ಬೇಡ ಅಂದರೆ ಹೋಗೋದಿಲ್ಲ’ ಎಂದಳು. ನನ್ನಾಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೂರ್ಯ ಮುಳುಗುವ ಮೊದಲು ಊಟ ಮಾಡು, ನೀರು ಸೋಸಿ ಕುಡಿ’ ಎಂದರು. ನಮ್ಮ ಮನೆಯಲ್ಲಿ ಅದೇ ಒಪ್ಪಿಗೆಯ ಮಾತು. ಆ ಎಂಟು ದಿನ ಮಂಡಿಗೆ ಎಣ್ಣೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂದಿತು. ಅದೂ ಸೇವೆಯೇ ತಾನೆ! ಹಿರಿಯರ ಒಪ್ಪಿಗೆ ಪಡೆದು, ಮನೆಯ ಕೆಲಸವನ್ನು ಮತ್ತೊಬ್ಬರಿಗೆ ಒಪ್ಪಿಸಿ ಹೊರಟರೆ ಒಬ್ಬರ ಸೇವೆಯಿಂದ ಇಬ್ಬರು ಸೇವಕರಾಗುತ್ತಾರೆ.

ಈ ಕ್ರಮ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಸಾಮ್ರಾಟ್ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆಹಚ್ಚಿದರು. ಬ್ರಹ್ಮಗಿರಿಯ ಶಾಸನದಲ್ಲಿ ಚಕ್ರವರ್ತಿಯು ತಾನು ಎರಡೂವರೆ ವರ್ಷಗಳಿಂದ ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಉತ್ಸಾಹದಿಂದ ಶ್ರಮಿಸಲಿಲ್ಲವೆಂದು ಹೇಳಿಕೊಳ್ಳುತ್ತಾನೆ. ಶ್ರಮದ ಫಲ ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಿಸಿದರೆ ಸಾಮಾನ್ಯನಿಗೂ ದೊರೆಯುವುದೆನ್ನುತ್ತಾನೆ. ಅಲ್ಲಿ ಕಾಣುವ 256 ಎಂಬ ಸಂಖ್ಯೆಯನ್ನು ಅವನು ಅರಮನೆಯಿಂದ ಹೊರಗೆ ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಹಲವು ವಿದ್ವಾಂಸರು ಅರ್ಥೈಸಿದ್ದಾರೆ. ಅದೇ ಶಾಸನದ ಮುಂದಿನ ಭಾಗವು ತಂದೆತಾಯಿಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯನ್ನು ದೃಢಗೊಳಿಸಬೇಕು, ಸತ್ಯವನ್ನು ನುಡಿಯಬೇಕು ಎಂದು ಬೋಧಿಸುತ್ತದೆ. ಮನೆಯವರು ಮೊದಲು, ಅನಂತರ ಜೀವಿಗಳೆಲ್ಲ. ಅಶೋಕನು ಬೌದ್ಧ ಉಪಾಸಕನಾಗಿದ್ದರೂ ಈ ಮಾತು ಶ್ರಾವಕರಾದ ನಮಗೂ ಹೊಸದೆನಿಸುವುದಿಲ್ಲ.

ನಮ್ಮ ಬಸದಿಗಳ ಟ್ರಸ್ಟುಗಳಿಗೂ ಕುಟುಂಬಗಳಿಗೂ ನನ್ನ ವಿನಂತಿ ಹೀಗಿದೆ. ಒಂದನೆಯದಾಗಿ, ಹೋಗುವ ಊರಿನವರನ್ನೇ ಕೇಳಿ ಕೆಲಸವನ್ನು ನಿಶ್ಚಯಿಸಿರಿ. ಅವರು ಕೇಳದುದನ್ನು ಕೊಡಬೇಡಿರಿ. ಎರಡನೆಯದಾಗಿ, ನಮ್ಮ ಹೊರೆಯನ್ನು ಆ ಊರಿನ ಮೇಲೆ ಹಾಕಬಾರದು. ದವಸ, ಪಾತ್ರೆ, ಹಾಸಿಗೆಗಳನ್ನು ಜೊತೆಯಲ್ಲಿ ಒಯ್ಯಬೇಕು. ನಮ್ಮ ಆಹಾರ ನಿಯಮಗಳನ್ನು ನಾವು ಪಾಲಿಸೋಣ, ಆದರೆ ನೀರು ಮಜ್ಜಿಗೆ ಕೊಡಲು ಬಂದ ಬಡವರ ಮನಸ್ಸು ನೋಯದಂತೆ ವಿನಯದಿಂದ ತಿಳಿಸೋಣ. ಮೂರನೆಯದಾಗಿ, ರಜೆ ಮುಗಿದ ಮೇಲೆ ಉಳಿಯುವ ಕೆಲಸವನ್ನು ಯಾರು ಮುಂದುವರಿಸುವರೆಂಬುದು ನಿಶ್ಚಯವಾಗದೆ ಹೊರಡಬಾರದು. ನಾಲ್ಕನೆಯದಾಗಿ, ಶಿಬಿರದ ವರದಿಯನ್ನು ಜನವರಿಯಲ್ಲಿ ಬರೆಯದೆ, ಕೊನೆಯ ಸೀಸೆ ಮುಗಿದ ಮೇಲೆ ಬರೆಯಿರಿ. ಕಾಲೇಜು ವಿದ್ಯಾರ್ಥಿಗಳು ಇದನ್ನು ರಾಷ್ಟ್ರೀಯ ಸೇವಾ ಯೋಜನೆಯ ಮೂಲಕವೂ ಮಾಡಬಹುದು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಏಳು ದಿನಗಳ ಗ್ರಾಮ ಶಿಬಿರದ ಏರ್ಪಾಡು ಮೊದಲೇ ಇದೆ.

ಜೀವಿಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆ ಎಂಬ ಸೂತ್ರವನ್ನು ನಾವು ನಮ್ಮ ಧರ್ಮದ ಪ್ರತೀಕಚಿಹ್ನೆಯ ಕೆಳಗೆ ಬರೆದುಕೊಂಡಿದ್ದೇವೆ. ಉಪಕಾರ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲವೆಂಬುದೇ ಅದರ ಸ್ವಾರಸ್ಯ. ಮೊಳಕಾಲ್ಮೂರಿನ ಹಿರಿಯರಿಗೆ ಕಣ್ಣು ಬಂದಿತು. ನಮ್ಮ ಮಕ್ಕಳಿಗೆ ಕಷ್ಟವನ್ನು ಕಾಣುವ ಕಣ್ಣು ಬಂದಿತು. ಮುಂದಿನ ಡಿಸೆಂಬರ್‌ನಲ್ಲಿ ತಮ್ಮ ಮನೆಯ ಮಗುವೊಂದು ಇಂತಹ ಮಾತನ್ನೆತ್ತಿದರೆ ಹಿರಿಯರು ಪ್ರಶ್ನೆಗಳನ್ನು ಅವಶ್ಯವಾಗಿ ಕೇಳಲಿ, ಉತ್ತರ ಸಮರ್ಪಕವಾಗಿದ್ದರೆ ಹರಸಿ ಕಳುಹಿಸಲಿ.